ಸೆನೆಟರ್ ಲಾ ಫಾಲೆಟ್ ಕಾಗದಪತ್ರ ಎಲ್ಲಿವೆ? ಮ್ಯಾಡಿಸನ್ನಿಗೆ ಹೋಗಿ ಬರಿಗೈಲಿ ಬಂದೆವು

ಕೆರೆದಂಡೆ
ಎಲ್ಲರಿಗೂ ನಮಸ್ಕಾರ. ನಾವಿರುವುದು ಮಿಲ್ವಾಕಿ ಹತ್ತಿರ. ಮಗಳು ಎಂಟನೇ ಕ್ಲಾಸು. ಇತಿಹಾಸದ ಪ್ರಾಜೆಕ್ಟಿಗೆ ಈ ವಿಸ್ಕಾನ್ಸಿನ್ ರಾಜ್ಯದ ಹಳೇ ಸೆನೆಟರ್ ರಾಬರ್ಟ್ ಲಾ ಫಾಲೆಟ್ ಬಗ್ಗೆಯೇ ಬರೆಯುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಅವಳ ತಲೆ ಕೆಡಿಸಿದ್ದು ಒಂದೇ ಒಂದು ಘಟನೆ. 1917ರ ಸೆಪ್ಟೆಂಬರ್ 20ರಂದು ಈತ ಸೇಂಟ್ ಪಾಲ್‌ನಲ್ಲಿ ಭಾಷಣ ಮಾಡಿದ. ಅಮೆರಿಕ ಆಗಲೇ ಮೊದಲನೇ ಮಹಾಯುದ್ಧಕ್ಕೆ ಇಳಿದಿತ್ತು. ಜರ್ಮನಿಯಿಂದ ನಮಗೆ ಅನ್ಯಾಯ ಆಗಿದ್ದು ಹೌದು, ಆದರೂ ಯುದ್ಧ ಬೇಕಿರಲಿಲ್ಲ ಅನ್ನುವುದು ಅವನ ಮಾತು. ಅಸೋಸಿಯೇಟೆಡ್ ಪ್ರೆಸ್ ವರದಿಯಲ್ಲಿ ಅದು ‘ನಮಗೆ ಅನ್ಯಾಯವೇ ಆಗಿರಲಿಲ್ಲ’ ಅಂತಾಗಿ ದೇಶಕ್ಕೆಲ್ಲ ಹೋಯಿತು. ಆಮೇಲೆ ಸೆನೆಟ್ಟಿನಿಂದ ಹೊರಗೆ ಹಾಕಿ ಅಂತ ಕೂಗು.

ಮಗಳಿಗೆ ಆ ಕಾಲದ ಮೂಲ ಕಾಗದಗಳನ್ನೇ ನೋಡಬೇಕಂತೆ. ವಿಸ್ಕಾನ್ಸಿನ್ನಿನವನು ತಾನೇ, ಮ್ಯಾಡಿಸನ್ನಿನಲ್ಲೇ ಇರುತ್ತೆ ಅಂತ ಏನೂ ವಿಚಾರಿಸದೆ ರಜೆ ಹಾಕಿ ಹೊರಟೆವು. ಸ್ಟೇಟ್ ಹಿಸ್ಟಾರಿಕಲ್ ಸೊಸೈಟಿಯಲ್ಲಿ ಕೇಳಿದರೆ, ನಿಮಗೆ ಬೇಕಾದ ವರ್ಷದ್ದು ಇಲ್ಲಿಲ್ಲ ಅಂದರು. ತಪ್ಪು ನನ್ನದೇ, ಒಂದು ಫೋನು ಮಾಡಬೇಕಿತ್ತು. ಇಲ್ಲಿ ಇತಿಹಾಸ ಗೊತ್ತಿರುವವರು ಯಾರಾದರೂ ಇದ್ದೀರಾ? ಎಲ್ಲಿವೆ ಅವು? ಮತ್ತೆ ಈ ಮನುಷ್ಯ ನಿಜವಾಗಲೂ ದೊಡ್ಡವನಾ, ಇಲ್ಲ ಬರೀ ಹಟಮಾರಿನಾ?

ಹಳೇಕಡತ
ಸರ್, ನೀವು ಹೋಗಿದ್ದು ಸರಿಯಾದ ಜಾಗಕ್ಕೇ, ವರ್ಷ ತಪ್ಪಿತು ಅಷ್ಟೇ. ಲಾ ಫಾಲೆಟ್ ಕಾಗದಗಳು ಎರಡು ಭಾಗ ಆಗಿವೆ. ವಕೀಲನಾಗಿದ್ದಾಗಿನಿಂದ ಗವರ್ನರ್ ಆಗಿರುವವರೆಗಿನದು, ಅಂದರೆ ಹೆಚ್ಚುಕಡಿಮೆ 1905ರವರೆಗಿನದು, ಮ್ಯಾಡಿಸನ್ನಿನಲ್ಲಿದೆ. 1906ರ ಜನವರಿಯಲ್ಲಿ ಸೆನೆಟ್ಟಿಗೆ ಕಾಲಿಟ್ಟ ಮೇಲಿನದೆಲ್ಲ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಅಲ್ಲಿ ಅದಕ್ಕೆ ‘ಲಾ ಫಾಲೆಟ್ ಫ್ಯಾಮಿಲಿ ಪೇಪರ್ಸ್’ ಅಂತ ಹೆಸರು. ಅವನೊಬ್ಬನದೇ ಅಲ್ಲ, ಹೆಂಡತಿ ಬೆಲ್, ಮಗಳು ಫೋಲಾ, ಮಗ ಬಾಬ್ ಜೂನಿಯರ್ ಎಲ್ಲರದೂ ಒಟ್ಟಿಗೆ ಇದೆ. ಇನ್ನೊಬ್ಬ ಮಗ ಫಿಲಿಪ್ ಇಲ್ಲೇ ಗವರ್ನರ್ ಆಗಿದ್ದವನು, ಅವನದು ಮತ್ತೆ ಮ್ಯಾಡಿಸನ್ನಿನಲ್ಲಿ.

ಹೀಗೆ ಹಂಚಿಹೋಗಲು ಕಾರಣ ಸರಳ. ಸೆನೆಟ್ ಕಾಲದ ಕಾಗದಗಳು ತುಂಬ ವರ್ಷ ಮನೆಯವರ ಕೈಯಲ್ಲೇ ಇದ್ದವು. ಗಂಡ 1925ರಲ್ಲಿ ತೀರಿಕೊಂಡ ಮೇಲೆ ಬೆಲ್ ಅವನ ಜೀವನಚರಿತ್ರೆ ಬರೆಯಲು ಕೂತರು, ಮುಗಿಸುವ ಮೊದಲೇ 1931ರಲ್ಲಿ ಹೋಗಿಬಿಟ್ಟರು. ಫೋಲಾ ಅದನ್ನು ಎತ್ತಿಕೊಂಡು 1953ರಲ್ಲಿ ಎರಡು ಸಂಪುಟ ಹೊರತಂದರು. ಅಷ್ಟು ವರ್ಷ ಆ ಕಾಗದದ ರಾಶಿ ಬೇಕೇ ಬೇಕಿತ್ತು ಅವರಿಗೆ.

ಒಂದು ತಮಾಷೆ ಹೇಳಲಾ? ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹಸ್ತಪ್ರತಿ ಓದುವ ಕೋಣೆ ಇರುವ ಕಟ್ಟಡದ ಹೆಸರೂ ಮ್ಯಾಡಿಸನ್. ಹಾಗಾಗಿ ನಿಮಗೆ ಯಾರೋ ‘ಮ್ಯಾಡಿಸನ್ನಿನಲ್ಲಿದೆ’ ಅಂದಿದ್ದರೆ ಅವರು ಸುಳ್ಳು ಹೇಳಿಲ್ಲ.

ಗಿರಣಿ
ಮ್ಯಾಡಿಸನ್ ಬಿಟ್ಟು ಮ್ಯಾಡಿಸನ್ನಿಗೆ ಎಂಟುನೂರು ಮೈಲಿ 😂

ಕೆರೆದಂಡೆ
ಅಯ್ಯೋ ದೇವರೇ. ಮುಂದಿನ ತಿಂಗಳು ಆಫೀಸ್ ಕೆಲಸದ ಮೇಲೆ ವಾಷಿಂಗ್ಟನ್ನಿಗೆ ಹೋಗುವುದಿದೆ. ಮಗಳನ್ನೂ ಕರೆದುಕೊಂಡು ಹೋಗಿಬಿಡಲಾ?

ಹಳೇಕಡತ
ಊರು ನೋಡಲು ಕರೆದುಕೊಂಡು ಹೋಗಿ. ಓದುವ ಕೋಣೆಗೆ ಆಗಲ್ಲ. ರೀಡರ್ ಕಾರ್ಡಿಗೆ 16 ತುಂಬಿರಬೇಕು. ನೀವು ಫೋಟೋ ಇರುವ ಗುರುತಿನ ಚೀಟಿ ತೋರಿಸಿ ಮಾಡಿಸಿಕೊಳ್ಳಿ, ದುಡ್ಡೇನೂ ಇಲ್ಲ. ಯಾವ ಪೆಟ್ಟಿಗೆ ಬೇಕು ಅಂತ ಅವರ ಪಟ್ಟಿ ನೋಡಿ ಮೊದಲೇ ಮೇಲ್ ಹಾಕಿ. ಒಳಗೆ ಪೆನ್ನು ಬಿಡಲ್ಲ, ಪೆನ್ಸಿಲ್ ಮಾತ್ರ. ಬ್ಯಾಗು, ಕೋಟು ಹೊರಗೆ. ಫ್ಲ್ಯಾಷ್ ಇಲ್ಲದೆ ಫೋಟೋ ತೆಗೆಯಬಹುದು.

ಬೆಣ್ಣೆದೋಸೆ
ಸುಮ್ನೆ ಕೇಳುತ್ತೇನೆ, ಬೈಬೇಡಿ. ಈ ಲಾ ಫಾಲೆಟ್ ಯಾರು? ಹದಿನೈದು ವರ್ಷದಿಂದ ಈ ದೇಶದಲ್ಲಿದ್ದೇನೆ, ಹೆಸರೇ ಕೇಳಿಲ್ಲ.

ಜೋಳದರೊಟ್ಟಿ
ಬೈಯುವುದಿಲ್ಲ ಬಿಡಿ, ಇಲ್ಲಿಯವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

1855ರಲ್ಲಿ ಡೇನ್ ಕೌಂಟಿಯ ಪ್ರಿಮ್‌ರೋಸ್ ಅನ್ನೋ ಹಳ್ಳಿ ಕಡೆ ಹುಟ್ಟಿದ. ಎಂಟು ತಿಂಗಳಿಗೇ ಅಪ್ಪ ಇಲ್ಲ. ಮ್ಯಾಡಿಸನ್ನಿನ ಯೂನಿವರ್ಸಿಟಿಯಲ್ಲಿ ಓದಿ 1879ರಲ್ಲಿ ಹೊರಬಂದ. ಓದಿನಲ್ಲಿ ಅಷ್ಟಕ್ಕಷ್ಟೆ, ಮಾತಿನಲ್ಲಿ ಮಾತ್ರ ಹುಲಿ. ‘ಒಥೆಲೊ’ ನಾಟಕದ ಇಯಾಗೋ ಪಾತ್ರದ ಮೇಲೆ ಭಾಷಣ ಮಾಡಿ ಅಂತರರಾಜ್ಯ ಸ್ಪರ್ಧೆ ಗೆದ್ದಿದ್ದ. ನಟ ಆಗಬೇಕು ಅಂತ ಆಸೆ ಇತ್ತಂತೆ, ಆಳು ಗಿಡ್ಡ ಅಂತ ಬಿಟ್ಟ. ಆಮೇಲೆ ಜಿಲ್ಲಾ ಸರ್ಕಾರಿ ವಕೀಲ, 1885ರಿಂದ 1891ರವರೆಗೆ ಕಾಂಗ್ರೆಸ್ಸಿನ ಕೆಳಮನೆ ಸದಸ್ಯ, 1901ರಿಂದ ಗವರ್ನರ್, 1906ರಿಂದ ಸಾಯುವವರೆಗೆ ಸೆನೆಟರ್. ರಿಪಬ್ಲಿಕನ್ ಪಕ್ಷದವನೇ. ಆದರೆ ಪಕ್ಷದ ದೊಡ್ಡವರ ಜೊತೆ ಜೀವಮಾನವೆಲ್ಲ ಜಗಳ.

ಗವರ್ನರ್ ಆಗಿ ಮಾಡಿದ ದೊಡ್ಡ ಕೆಲಸ ಡೈರೆಕ್ಟ್ ಪ್ರೈಮರಿ. ಅಲ್ಲಿವರೆಗೆ ಪಕ್ಷದ ಟಿಕೆಟ್ ಯಾರಿಗೆ ಅನ್ನೋದು ಸಮ್ಮೇಳನದಲ್ಲಿ, ಅಂದರೆ ರೈಲ್ವೆ ಕಂಪನಿ ಮತ್ತು ಮರದ ವ್ಯಾಪಾರದ ಧಣಿಗಳ ಕೈಯಲ್ಲಿ, ತೀರ್ಮಾನ ಆಗುತ್ತಿತ್ತು. ಈತನಿಗೇ 1896 ಮತ್ತು 1898ರಲ್ಲಿ ಹಾಗೆ ಟಿಕೆಟ್ ತಪ್ಪಿತ್ತು. ಟಿಕೆಟ್ಟನ್ನೂ ಮತದಾರರೇ ಕೊಡಲಿ ಅಂತ ಕಾನೂನು ತಂದ, 1904ರಲ್ಲಿ ಜನ ಮತ ಹಾಕಿ ಒಪ್ಪಿದರು. ಮುಂದಿನ ವರ್ಷ ರೈಲು ದರದ ಮೇಲೆ ಕಣ್ಣಿಡುವ ಆಯೋಗ.

ಸೆನೆಟ್ಟಿಗೆ ಹೋದ ಹೊಸದರಲ್ಲಿ ರೈಲ್ವೆ ಮಸೂದೆ ಮೇಲೆ ಮಾತಾಡಲು ಎದ್ದ. ಹಿರಿಯರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋದರು, ಹೊಸಬನಿಗೆ ಮರ್ಯಾದೆ ಕಲಿಸೋಣ ಅಂತ. ಈ ಖಾಲಿ ಕುರ್ಚಿಗಳು ಇನ್ನೊಂದಿಷ್ಟು ದಿನಕ್ಕೆ ಖಾಯಂ ಖಾಲಿ ಆಗುತ್ತವೆ ಅಂದನಂತೆ. ಸುಮ್ಮನೆ ಅನ್ನಲಿಲ್ಲ. ಬೇಸಿಗೆಯಲ್ಲಿ ಅವರವರ ಊರಿಗೇ ಹೋಗಿ, ನಿಮ್ಮ ಸೆನೆಟರ್ ಯಾವ ಮಸೂದೆಗೆ ಏನು ಮತ ಹಾಕಿದ ಅಂತ ಪಟ್ಟಿ ಹಿಡಿದು ವೇದಿಕೆ ಮೇಲೆ ಓದಿ ಹೇಳಿದ. ಅಲ್ಲಿಯವರೆಗೆ ಅದು ಯಾರಿಗೂ ಗೊತ್ತೇ ಇರುತ್ತಿರಲಿಲ್ಲ.

ಖಾರಪುಡಿ
ಪ್ರತಿ ಸಲ ಇದೇ ಪುರಾಣ. ನಾಲ್ಕು ಮಾತು ಆ ಕಡೆಯಿಂದಲೂ ಕೇಳಿ.

ಜನರೇ ಆರಿಸಬೇಕು ಅಂತ ಊರೂರು ಕೂಗಿದವನು ಸೆನೆಟ್ಟಿಗೆ ಹೋಗಿದ್ದು ಹೇಗೆ? 1905ರಲ್ಲಿ ತಾನು ಗವರ್ನರ್ ಆಗಿದ್ದಾಗಲೇ ತನ್ನದೇ ಶಾಸಕರ ಮತದಿಂದ. ಆಮೇಲೂ ಒಂದು ವರ್ಷ ಗವರ್ನರ್ ಕುರ್ಚಿ ಬಿಡಲಿಲ್ಲ. ಇನ್ನು 1891ರ ಲಂಚದ ಕಥೆ. ಮಿಲ್ವಾಕಿಯ ಪ್ಲಾಂಕಿಂಟನ್ ಹೋಟೆಲಿನಲ್ಲಿ ಸೆನೆಟರ್ ಸಾಯರ್ ನನಗೆ ದುಡ್ಡು ಕೊಡಲು ಬಂದ, ಸಾಯರ್‌ಗೆ ಸಂಬಂಧಪಟ್ಟ ಕೇಸು ನಡೆಸುತ್ತಿದ್ದ ನನ್ನ ಭಾವ ಜಡ್ಜ್ ಸೀಬೆಕರ್‌ಗೆ ಹೇಳಿಸಲು ಅಂತ ಈತ ಹೇಳಿದ. ಸಾಯರ್ ಹೇಳಿದ್ದು, ನಾನು ವಕೀಲನ ಫೀಸು ಕೊಡಲು ಹೋಗಿದ್ದೆ ಅಂತ. ಅಲ್ಲಿದ್ದವರು ಇಬ್ಬರೇ. ನೀವು ಲಕ್ಷ ಕಾಗದ ತೆಗೆದರೂ ಅದು ತೀರ್ಮಾನ ಆಗಲ್ಲ.

1912? ಅಧ್ಯಕ್ಷ ಆಗಬೇಕು ಅಂತ ಹೊರಟವನು ಫೆಬ್ರವರಿ 2ಕ್ಕೆ ಫಿಲಡೆಲ್ಫಿಯಾದಲ್ಲಿ ಪತ್ರಿಕೆ ಮಾಲೀಕರ ಊಟಕ್ಕೆ ಹೋಗಿ ಅವರನ್ನೇ ಗಂಟೆಗಟ್ಟಲೆ ಬೈದ. ಹೇಳಿದ್ದನ್ನೇ ಹೇಳಿದ. ಜನ ಎದ್ದು ಹೋದರು. ಅಲ್ಲಿಗೆ ಮುಗಿಯಿತು, ಬೆಂಬಲಿಗರೆಲ್ಲ ಥಿಯೋಡರ್ ರೂಸ್‌ವೆಲ್ಟ್ ಕಡೆ ಹಾರಿದರು. ಅದನ್ನೂ ಈತ ದ್ರೋಹ ಅಂತಲೇ ಸಾಯುವವರೆಗೆ ಎಣಿಸಿದ. ಯಾರ ಜೊತೆಗೂ ಹೊಂದಿಕೊಳ್ಳಲು ಬಾರದ ಮನುಷ್ಯ. ಹಟಮಾರಿ, ಅಷ್ಟೇ.

ಜೋಳದರೊಟ್ಟಿ
ಸೆನೆಟರನ್ನು ಶಾಸಕರೇ ಆರಿಸಬೇಕು ಅನ್ನೋದು ಆಗಿನ ಸಂವಿಧಾನ ಮಾರಾಯ್ರೇ! ಜನರ ನೇರ ಮತ ಬಂದಿದ್ದು 1913ರ 17ನೇ ತಿದ್ದುಪಡಿಯಿಂದ. ಬೇರೆ ದಾರಿ ಎಲ್ಲಿತ್ತು? ಆಮೇಲೆ 1916ರಲ್ಲಿ, 1922ರಲ್ಲಿ ಜನರ ಮತದಿಂದಲೇ ಗೆದ್ದಿದ್ದಾನೆ.

ತುಂಗಭದ್ರಾ
ಫಿಲಡೆಲ್ಫಿಯಾ ಭಾಷಣದ ಮಾರನೇ ದಿನ ಅವನ ಚಿಕ್ಕ ಮಗಳು ಮೇರಿಗೆ ಆಪರೇಷನ್ ಇತ್ತು. ನಿದ್ದೆ ಇಲ್ಲ, ಮೈಯಲ್ಲಿ ಶಕ್ತಿ ಇಲ್ಲ. ಭಾಷಣ ಕೆಟ್ಟದಾಗಿತ್ತು, ಒಪ್ಪುತ್ತೇನೆ. ಆದರೆ ಅದೊಂದನ್ನು ಹೇಳದೆ ಉಳಿದದ್ದೆಲ್ಲ ಹೇಳುವುದು ಸರಿಯಲ್ಲ ಖಾರಪುಡಿ ಅವರೇ.

ಖಾರಪುಡಿ
ಅದು ಗೊತ್ತಿರಲಿಲ್ಲ. ಆದರೂ ಆವತ್ತು ಹೋಗದೆ ಇರಬಹುದಿತ್ತು ಅಲ್ವಾ.

ಗಿರಣಿ
ಇವನೇನಾ 18 ಗಂಟೆ ನಿಂತು ಮಾತಾಡಿದವನು? ಹಾಲಲ್ಲಿ ವಿಷ ಹಾಕಿದ್ದರು ಅಂತ ಎಲ್ಲೋ ಓದಿದ ನೆನಪು.

ಹಳೇಕಡತ
ಹೌದು ಅವನೇ. 1908ರ ಮೇ 29, 30. ಸೆನೆಟರ್ ಆಲ್ಡ್ರಿಚ್ ತಂದಿದ್ದ ಬ್ಯಾಂಕು-ನೋಟಿನ ಮಸೂದೆಗೆ ವಿರೋಧ, ಮಾತು ಮುಗಿಯುವವರೆಗೆ ಅದನ್ನು ಮತಕ್ಕೆ ಹಾಕುವಂತಿರಲಿಲ್ಲ. ಮಧ್ಯಾಹ್ನ ಹನ್ನೆರಡೂ ಕಾಲರ ಸುಮಾರಿಗೆ ಎದ್ದವನು ಮಾರನೇ ದಿನ ಬೆಳಗ್ಗೆ ಏಳಕ್ಕೆ ಕೂತ. 18 ಗಂಟೆ 23 ನಿಮಿಷ ಅಂತ ದಾಖಲೆ. ಸುಸ್ತಾಗದಿರಲಿ ಅಂತ ಸೆನೆಟ್ ಕ್ಯಾಂಟೀನಿನಿಂದ ಎಗ್‌ನಾಗ್ ತರಿಸಿ ಕುಡಿಯುತ್ತಿದ್ದ. ಹಾಲು, ಮೊಟ್ಟೆ, ಸಕ್ಕರೆ ಹಾಕಿ ಕಡೆದ ಪಾನಕ ಅದು. ಒಂದು ಲೋಟ ಕಹಿ ಅನ್ನಿಸಿತು, ಇಟ್ಟುಬಿಟ್ಟ. ಪರೀಕ್ಷೆ ಮಾಡಿಸಿದರೆ ಅದರಲ್ಲಿ ಸಾಯುವಷ್ಟು ವಿಷ ಇತ್ತಂತೆ. ಯಾರೋ ಹಾಕಿದ್ದಾ, ಮೇ ತಿಂಗಳ ಸೆಕೆಗೆ ಮೊಟ್ಟೆ ಕೆಟ್ಟಿತ್ತಾ? ನನ್ನ ಮತ ಮೊಟ್ಟೆಗೆ.

ಅದಕ್ಕಿಂತ ಚೆನ್ನಾಗಿರೋದು ಆಮೇಲಿನ ಕಥೆ. ಸರದಿ ಮೇಲೆ ಮಾತಾಡೋಣ ಅಂತ ಮೂವರ ಯೋಜನೆ: ಇವನು, ಮಿಸೌರಿಯ ಸ್ಟೋನ್, ಒಕ್ಲಹೋಮದ ಗೋರ್. ಗೋರ್‌ಗೆ ಕಣ್ಣು ಕಾಣುತ್ತಿರಲಿಲ್ಲ. ತನ್ನ ಪಾಳಿ ಮುಗಿಸುವ ಹೊತ್ತಿಗೆ ಸ್ಟೋನ್ ಬಂದಿದ್ದಾನೆ ಅಂತ ಕೇಳಿ ತಿಳಿದುಕೊಂಡು, ಅವನಿಗೆ ಬಿಟ್ಟುಕೊಟ್ಟು ಕೂತ. ಅಷ್ಟರಲ್ಲಿ ಸ್ಟೋನ್ ಹೊರಗೆ ಹೋಗಿದ್ದ! ಸಭೆಯಲ್ಲಿ ಮಾತಾಡುವವರೇ ಇಲ್ಲ. ತಕ್ಷಣ ಮತಕ್ಕೆ ಹಾಕಿದರು, ಮಸೂದೆ ಪಾಸ್.

ಬೆಣ್ಣೆದೋಸೆ
ಅಯ್ಯೋ ಪಾಪ. ಹದಿನೆಂಟು ಗಂಟೆ ನೀರಲ್ಲಿ ಹೋಮ.

ಗಿರಣಿ
ಅದೇ ಇವತ್ತಿಗೂ ದಾಖಲೆನಾ?

ಹಳೇಕಡತ
ಇಲ್ಲ ಇಲ್ಲ. 1953ರಲ್ಲಿ ವೇಯ್ನ್ ಮೋರ್ಸ್ 22 ಗಂಟೆ ದಾಟಿದ. 1957ರಲ್ಲಿ ಥರ್ಮಂಡ್ 24 ಗಂಟೆ 18 ನಿಮಿಷ. 2025ರಲ್ಲಿ ಕೋರಿ ಬುಕರ್ 25 ಗಂಟೆ ಮೀರಿ ಮಾತಾಡಿದರು.

ಕೆರೆದಂಡೆ
ಗುರುಗಳೇ, ಕಥೆ ಚೆನ್ನಾಗಿದೆ. ನನ್ನ ಪ್ರಶ್ನೆ 1917ರದ್ದು. ಮಗಳು ಪಕ್ಕದಲ್ಲೇ ನಿಂತು ಓದುತ್ತಿದ್ದಾಳೆ.

ತುಂಗಭದ್ರಾ
1917ಕ್ಕೆ ಬರೋಣ. ಮಾರ್ಚಿನಲ್ಲಿ, ವ್ಯಾಪಾರದ ಹಡಗುಗಳಿಗೆ ಫಿರಂಗಿ ಕೂರಿಸುವ ಮಸೂದೆಯನ್ನು ಈತ ಮತ್ತು ಸುಮಾರು ಹತ್ತು ಸೆನೆಟರುಗಳು ಸೇರಿ ಅಧಿವೇಶನ ಮುಗಿಯುವವರೆಗೂ ತಡೆದರು. ಅಧ್ಯಕ್ಷ ವಿಲ್ಸನ್ ಉರಿದುಬಿದ್ದು, ಹಟ ಹಿಡಿದ ಒಂದು ಸಣ್ಣ ಗುಂಪು ಸೇರಿ ದೇಶದ ಮಾನ ಕಳೆಯಿತು ಅನ್ನುವ ಅರ್ಥದಲ್ಲಿ ಹೇಳಿಕೆ ಕೊಟ್ಟ. ಕೆಲವೇ ದಿನಕ್ಕೆ ಸೆನೆಟ್ ತನ್ನ ನಿಯಮವನ್ನೇ ಬದಲಿಸಿತು: ಮೂರರಲ್ಲಿ ಎರಡು ಭಾಗ ಒಪ್ಪಿದರೆ ಚರ್ಚೆ ನಿಲ್ಲಿಸಬಹುದು. ಇವತ್ತಿನ ಕ್ಲೋಚರ್ ಹುಟ್ಟಿದ್ದು ಹಾಗೆ. ಏಪ್ರಿಲ್ 4ರಂದು ಯುದ್ಧಕ್ಕೆ ಮತ. 82 ಪರ, 6 ವಿರೋಧ. ಆ ಆರರಲ್ಲಿ ಈತ ಒಬ್ಬ, ನೆಬ್ರಾಸ್ಕದ ನಾರಿಸ್ ಇನ್ನೊಬ್ಬ.

ಮಗಳಿಗೆ ಇದೊಂದು ಹೇಳಿ. ಸೇಂಟ್ ಪಾಲ್ ಗಲಾಟೆಗೆ ಪತ್ರಿಕೆಯ ಆ ಒಂದು ತಪ್ಪೇ ಕಾರಣ ಅಲ್ಲ. ಆವತ್ತು ಸಿದ್ಧ ಮಾಡಿಕೊಂಡಿದ್ದ ಭಾಷಣ ಬಿಟ್ಟು, ಸಭಿಕರ ನಡುವಿಂದ ಬಂದ ಕೂಗಿಗೆಲ್ಲ ಉತ್ತರ ಕೊಡುತ್ತಾ ಲೂಸಿಟಾನಿಯಾ ಹಡಗಿನ ವಿಷಯ ತೆಗೆದ. 1915ರಲ್ಲಿ ಜರ್ಮನ್ನರು ಮುಳುಗಿಸಿದ ಹಡಗು, 128 ಅಮೆರಿಕನ್ನರು ಸತ್ತಿದ್ದರು. ಅದರಲ್ಲಿ ಮದ್ದುಗುಂಡು ಇತ್ತು, ಅದು ವಿಲ್ಸನ್‌ಗೆ ಮೊದಲೇ ಗೊತ್ತಿತ್ತು, ಆಗ ವಿದೇಶಾಂಗ ಮಂತ್ರಿಯಾಗಿದ್ದ ಬ್ರಯಾನ್ ಹೇಳಿದ್ದ ಅಂದ. ಬ್ರಯಾನ್ ಹಾಗೆ ಹೇಳಿಲ್ಲ ಅಂದುಬಿಟ್ಟ. ಹಡಗಿನಲ್ಲಿ ಬಂದೂಕಿನ ಗುಂಡುಗಳ ಪೆಟ್ಟಿಗೆ ಇದ್ದದ್ದು ನಿಜ. ಆದರೆ ಮಗ ಸತ್ತ ಮನೆಯವರು ಅದನ್ನು ಹೇಗೆ ಕೇಳುತ್ತಾರೆ?

ಖಾರಪುಡಿ
ಇದನ್ನೇ ನಾನು ಹೇಳುತ್ತಿರುವುದು! ಸರಿ ಇದ್ದಾಗಲೂ ತಪ್ಪು ಜಾಗದಲ್ಲಿ, ತಪ್ಪು ಹೊತ್ತಲ್ಲಿ ಹೇಳುತ್ತಾನೆ.

ಜೋಳದರೊಟ್ಟಿ
ಸರಿಯಾದ ಹೊತ್ತು ಅಂತ ಕಾದಿದ್ದರೆ ಆ ಆರು ಮತವೂ ಬೀಳುತ್ತಿರಲಿಲ್ಲ. ಅಸೋಸಿಯೇಟೆಡ್ ಪ್ರೆಸ್ ತನ್ನ ತಪ್ಪು ಒಪ್ಪಿಕೊಂಡಿದ್ದು 1918ರ ಮೇ ತಿಂಗಳಲ್ಲಿ. ಎಂಟು ತಿಂಗಳು! ಅಷ್ಟರಲ್ಲಿ ಏನೇನಾಯಿತು ನೋಡಿ. ಸೆನೆಟ್ ಸಮಿತಿ ವಿಚಾರಣೆ ಶುರು. ವಿಸ್ಕಾನ್ಸಿನ್ ಶಾಸನಸಭೆಯೇ ಖಂಡನೆ ಮಾಡಿತು. ಅವನು ಓದಿದ, ಬೆಳೆಸಿದ ಯೂನಿವರ್ಸಿಟಿಯ 400ಕ್ಕೂ ಹೆಚ್ಚು ಮೇಷ್ಟ್ರುಗಳು ಅವನ ವಿರುದ್ಧ ಸಹಿ ಹಾಕಿದರು. ಸಹಿ ಹಾಕಿದವರಲ್ಲಿ ಯೂನಿವರ್ಸಿಟಿ ಅಧ್ಯಕ್ಷ ಚಾರ್ಲ್ಸ್ ವ್ಯಾನ್ ಹೈಸ್ ಕೂಡ ಇದ್ದ. ಇಬ್ಬರೂ 1879ರ ಒಂದೇ ಕ್ಲಾಸು, ಹಳೇ ಗೆಳೆಯರು. ವ್ಯಾನ್ ಹೈಸ್ ಆ ಕುರ್ಚಿಗೆ ಬರಲು ಬೆಂಬಲ ಕೊಟ್ಟವನೂ ಆಗ ಗವರ್ನರ್ ಆಗಿದ್ದ ಲಾ ಫಾಲೆಟ್ಟೇ. ಅದೇ ವರ್ಷ ನವೆಂಬರಿನಲ್ಲಿ ವ್ಯಾನ್ ಹೈಸ್ ತೀರಿಕೊಂಡ.

ಕೆರೆದಂಡೆ
ಇದು ಗೊತ್ತಿರಲಿಲ್ಲ. ಮಗಳು ಸುಮ್ಮನಾಗಿಬಿಟ್ಟಳು. ಕೊನೆಗೆ ಸೆನೆಟ್ ಏನು ಮಾಡಿತು?

ಹಳೇಕಡತ
1919ರ ಜನವರಿ 16ರಂದು 50-21 ಮತದಿಂದ ಕೇಸು ಬಿಟ್ಟರು. ಯುದ್ಧ ಮುಗಿದಿತ್ತು. ಹೊಸ ಸೆನೆಟ್ಟಿನಲ್ಲಿ ರಿಪಬ್ಲಿಕನ್ನರಿಗೆ ಬಹುಮತ ಇದ್ದದ್ದು ಎರಡೇ ಎರಡು ಸೀಟಿನದು. ಅವನ ಮತ ಅವರಿಗೆ ಬೇಕಿತ್ತು. ನ್ಯಾಯ ಎಷ್ಟು, ಲೆಕ್ಕ ಎಷ್ಟು ನೀವೇ ನೋಡಿ. ಆಮೇಲೆ ವಕೀಲರ ಖರ್ಚಿಗೆ ಅಂತ 5000 ಡಾಲರ್ ಕೂಡ ಸೆನೆಟ್ಟೇ ಕೊಟ್ಟಿತು. 1922ರಲ್ಲಿ ವಿಸ್ಕಾನ್ಸಿನ್ ಜನ ನೂರಕ್ಕೆ 80 ಮತ ಕೊಟ್ಟು ಮತ್ತೆ ಕಳಿಸಿದರು.

ಅದೇ ವರ್ಷ ಟೀಪಾಟ್ ಡೋಮ್ ಎಣ್ಣೆಬಾವಿ ಗುತ್ತಿಗೆ ತನಿಖೆ ಆಗಲಿ ಅಂತ ನಿರ್ಣಯ ತಂದವನೂ ಇವನೇ. ಮಂತ್ರಿಯೇ ಜೈಲಿಗೆ ಹೋದ ಹಗರಣ ಅದು.

ಮಲ್ಲಿಗೆಮೊಗ್ಗು
ಎಲ್ಲರೂ ಲಾ ಫಾಲೆಟ್ ಲಾ ಫಾಲೆಟ್ ಅನ್ನುತ್ತಿದ್ದೀರಿ. ಬೆಲ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. 1885ರಲ್ಲಿ ವಿಸ್ಕಾನ್ಸಿನ್ ಕಾನೂನು ಕಾಲೇಜಿನಿಂದ ಪಾಸಾದ ಮೊದಲ ಹೆಂಗಸು. ವಕೀಲಿಕೆ ಮಾಡಲಿಲ್ಲ, ಆದರೆ ಗಂಡನ ಕೇಸಿನ ಕಾಗದ ಓದಿ ತಿದ್ದುತ್ತಿದ್ದರು. 1909ರಲ್ಲಿ ಇಬ್ಬರೂ ಸೇರಿ ವಾರಪತ್ರಿಕೆ ಶುರು ಮಾಡಿದರು. ಅದೇ ಈಗಲೂ ‘ದಿ ಪ್ರೋಗ್ರೆಸಿವ್’ ಹೆಸರಲ್ಲಿ ಬರುತ್ತಿದೆ. ವಿಲ್ಸನ್ ಸರ್ಕಾರ ವಾಷಿಂಗ್ಟನ್ನಿನ ಆಫೀಸುಗಳಲ್ಲಿ ಕಪ್ಪು ನೌಕರರನ್ನು ಬೇರೆ ಕೂರಿಸಲು ಶುರು ಮಾಡಿದಾಗ ಅದರ ವಿರುದ್ಧ ಬರೆದವರು ಬೆಲ್. ಗಂಡ ತೀರಿಕೊಂಡಾಗ ಸೆನೆಟ್ ಸೀಟಿಗೆ ನೀವೇ ನಿಲ್ಲಿ ಅಂದರು, ಬೇಡ ಅಂದರು. ಆಮೇಲೆ ಮಗ ಬಾಬ್ ಜೂನಿಯರ್ ನಿಂತ. ಸೆನೆಟರ್ ಆಗಲು 30 ತುಂಬಿರಬೇಕು, ಅವನಿಗೆ ಆಗತಾನೆ ತುಂಬಿತ್ತು.

ಕೆರೆದಂಡೆ ಅವರೇ, ಮನೆಯವರು ಒಬ್ಬರಿಗೊಬ್ಬರು ಬರೆದ ಪತ್ರಗಳ ಪೆಟ್ಟಿಗೆ ತಪ್ಪದೆ ನೋಡಿ. ಭಾಷಣ ಎಲ್ಲಾದರೂ ಸಿಗುತ್ತೆ. ಪತ್ರದಲ್ಲಿ ಆರೋಗ್ಯ, ಸಾಲ, ಮ್ಯಾಡಿಸನ್ ಪಕ್ಕದ ತೋಟದ ಖರ್ಚು ಎಲ್ಲ ಬರುತ್ತೆ. ಸಾಲ ತೀರಿಸಲು ಊರೂರಿಗೆ ಹೋಗಿ ಹ್ಯಾಮ್ಲೆಟ್ ಮೇಲೆ ಭಾಷಣ ಮಾಡಿ ದುಡ್ಡು ತರುತ್ತಿದ್ದ ಮನುಷ್ಯ. 1918ರಲ್ಲಿ ಅವನು ಸೆನೆಟ್ಟಿನಲ್ಲಿ ಅಷ್ಟಾಗಿ ಕಾಣದೆ ಇದ್ದದ್ದಕ್ಕೆ ಒಂದು ಕಾರಣ, ದೊಡ್ಡ ಮಗ ಸಾಯುವಷ್ಟು ಕಾಯಿಲೆ ಬಿದ್ದಿದ್ದು. ಹೇಡಿ, ಅಡಗಿ ಕೂತ ಅಂತ ಬೈದವರಿಗೆ ಅದು ಗೊತ್ತಿರಲಿಲ್ಲ.

ಹುಬ್ಬಳ್ಳಿಯಾಂವ
ನಮ್ಮ ನಾ.ಸು. ಹರ್ಡೀಕರ ಅದೇ ಟೈಮಿನ್ಯಾಗ ಅಮೆರಿಕಾದಾಗ ಇದ್ರು ನೋಡ್ರಿ. ಮಿಶಿಗನ್ ಯೂನಿವರ್ಸಿಟಿಯಾಗ ಓದಿ, ನ್ಯೂಯಾರ್ಕಿನ್ಯಾಗ ಲಾಲಾ ಲಜಪತ ರಾಯರ ಜೋಡಿ ಹೋಮ್ ರೂಲ್ ಲೀಗಿನ ಕೆಲಸ ಮಾಡಿದ್ರು. ಆಮೇಲೆ ಹುಬ್ಬಳ್ಳಿಗೆ ಬಂದು ಸೇವಾದಳ ಕಟ್ಟಿದ್ರು. ಲಾ ಫಾಲೆಟ್‌ಗೂ ಅವರು ಪತ್ರ ಬರದಿರಬೇಕು, ಯುದ್ಧದ ವಿರೋಧಿ ಅಲ್ಲೇನ್ರಿ ಅಂವಾ.

ಹಳೇಕಡತ
ಹರ್ಡೀಕರರು ಆಗ ಅಮೆರಿಕದಲ್ಲಿದ್ದದ್ದು ನಿಜ ಸರ್. ‘ಬರೆದಿರಬೇಕು’ ಅನ್ನೋದು ಮಾತ್ರ ಬೇಡ. ನಾಳೆ ಯಾರೋ ಇದನ್ನೇ ಓದಿ ‘ಬರೆದಿದ್ದರು’ ಅಂತ ವಾಟ್ಸಾಪಿನಲ್ಲಿ ಹಾಕುತ್ತಾರೆ. ಮೂಲ ಪ್ರಶ್ನೆಯೇ ಒಂದು ಮಾತು ತಪ್ಪಾಗಿ ಹೋದ ಕಥೆ, ನೆನಪಿದೆ ತಾನೇ.

ಹುಬ್ಬಳ್ಳಿಯಾಂವ
ಆತ್ರಿ, ತಪ್ಪಾತು. ವಾಪಸ್ ತಗೊಂಡೆ.

ಬೆಣ್ಣೆದೋಸೆ
ಕೊನೆಗೆ ಅಧ್ಯಕ್ಷ ಆಗಲೇ ಇಲ್ವಾ?

ಜೋಳದರೊಟ್ಟಿ
1924ರಲ್ಲಿ ಸ್ವಂತವಾಗಿ ನಿಂತ. ರೈತರು, ಕಾರ್ಮಿಕ ಸಂಘಗಳು, ಸೋಷಿಯಲಿಸ್ಟರು ಹಿಂದೆ ನಿಂತರು. ಜೊತೆಗೆ ಉಪಾಧ್ಯಕ್ಷ ಸ್ಥಾನಕ್ಕೆ ಮೊಂಟಾನದ ವೀಲರ್. 48 ಲಕ್ಷ ಮತ ಬಿತ್ತು, ನೂರಕ್ಕೆ 16ರ ಮೇಲೆ. ಗೆದ್ದದ್ದು ವಿಸ್ಕಾನ್ಸಿನ್ ಒಂದೇ, 13 ಎಲೆಕ್ಟೊರಲ್ ಮತ. ಮುಂದಿನ ಜೂನ್ 18ಕ್ಕೆ ತೀರಿಕೊಂಡ, 70 ತುಂಬಿ ನಾಲ್ಕೇ ದಿನ.

ಖಾರಪುಡಿ
ಮಗನನ್ನು 1946ರ ಪ್ರೈಮರಿಯಲ್ಲಿ ಸೋಲಿಸಿದ್ದು ಯಾರು ಗೊತ್ತಾ? ಜೋಸೆಫ್ ಮೆಕಾರ್ಥಿ, ಆಮೇಲೆ ಕಂಡವರಿಗೆಲ್ಲ ಕಮ್ಯುನಿಸ್ಟ್ ಹಣೆಪಟ್ಟಿ ಹಚ್ಚಿ ಕುಖ್ಯಾತನಾದವನು. ಅಪ್ಪ ತಂದ ಪ್ರೈಮರಿಯಲ್ಲೇ ಮಗ ಬಿದ್ದ, ಬಂದವನು ಮೆಕಾರ್ಥಿ.

ತುಂಗಭದ್ರಾ
ಇದು ಚುಚ್ಚುವ ಮಾತು, ಆದರೆ ನಿಜ. 1957ರಲ್ಲಿ ಕೆನಡಿ ಸಮಿತಿ ಸೆನೆಟ್ಟಿನ ಐದು ದೊಡ್ಡ ಹೆಸರು ಆರಿಸಿದಾಗ ಕ್ಲೇ, ವೆಬ್‌ಸ್ಟರ್, ಕ್ಯಾಲ್ಹೂನ್, ಟಾಫ್ಟ್ ಜೊತೆ ಲಾ ಫಾಲೆಟ್ ಹೆಸರೂ ಇತ್ತು. ಹೊರಗೆ ಹಾಕಬೇಕು ಅಂದ ಅದೇ ಸೆನೆಟ್ಟಿನ ಗೋಡೆ ಮೇಲೆ ಈಗ ಅವನ ಚಿತ್ರ ಇದೆ.

ಕೆರೆದಂಡೆ
ಐದು ವಾರ ಆದಮೇಲೆ ವರದಿ ಒಪ್ಪಿಸುತ್ತಿದ್ದೇನೆ. ಹಳೇಕಡತ ಅವರು ಹೇಳಿದಂತೆ ಮೊದಲೇ ಮೇಲ್ ಹಾಕಿದ್ದೆ, ಕಾರ್ಡು ಹತ್ತು ನಿಮಿಷಕ್ಕೆ ಆಯಿತು. ಒಂದು ಹೊತ್ತಿಗೆ ಒಂದೇ ಫೋಲ್ಡರ್ ತೆರೆಯಬೇಕು, ಹಾಳೆಗಳ ಅನುಕ್ರಮ ಕದಡಬಾರದು. ಒಂದು ಪೂರ್ತಿ ದಿನಕ್ಕೆ ನಾನು ಓದಿ ಮುಗಿಸಿದ್ದು ನಾಲ್ಕು ಫೋಲ್ಡರು. ಟೈಪ್ ಮಾಡಿದ್ದು ಸಲೀಸು, ಕೈಬರಹ ಮಾತ್ರ ಕಣ್ಣು ಕಿತ್ತುಕೊಂಡು ಬರುತ್ತೆ. 1917ರ ಪತ್ರಗಳಲ್ಲಿ ಬೆನ್ನು ತಟ್ಟಿದವರೂ ಇದ್ದಾರೆ, ಬಾಯಿಗೆ ಬಂದಂತೆ ಬೈದವರೂ ಇದ್ದಾರೆ. ಎರಡನ್ನೂ ಜೋಪಾನ ಮಾಡಿ ಇಟ್ಟಿದ್ದಾರೆ ನೋಡಿ, ಅದು ನನಗೆ ಹಿಡಿಸಿತು. ಮಲ್ಲಿಗೆಮೊಗ್ಗು ಮೇಡಂ ಹೇಳಿದ ಮನೆಯ ಪತ್ರಗಳ ಪೆಟ್ಟಿಗೆ ತೆರೆಯುವ ಹೊತ್ತಿಗೆ ಕೋಣೆ ಮುಚ್ಚುವ ಸಮಯ ಆಯಿತು.

ರಾತ್ರಿ ಮಗಳಿಗೆ ಫೋನಿನಲ್ಲಿ ಹೇಳಿದೆ. ಅವಳು ಕೇಳಿದ್ದು ಒಂದೇ: ‘ಅಪ್ಪ, ತಪ್ಪು ಸುದ್ದಿ ಓದಿದವರೆಲ್ಲ ಆಮೇಲೆ ಕ್ಷಮೆ ಕೇಳಿದ್ದನ್ನೂ ಓದಿದರಾ?’ ನನ್ನ ಹತ್ತಿರ ಉತ್ತರ ಇರಲಿಲ್ಲ.

ಖಾರಪುಡಿ
ಹುಡುಗಿ ಜಾಣೆ. ಪ್ರಾಜೆಕ್ಟ್ ಮುಗಿದ ಮೇಲೆ ಇಲ್ಲಿ ಹಾಕಿ ಸರ್, ತಪ್ಪು ಹುಡುಕಲು ನಾನಿದ್ದೇನೆ. ಸಾಯರ್ ಹೇಳಿದ್ದನ್ನೂ ಸೇರಿಸಲು ಹೇಳಿ.

ಕೆರೆದಂಡೆ
ಸೇರಿಸಿದ್ದಾಳೆ ಆಗಲೇ. ಇಂಗ್ಲಿಷಿನಲ್ಲಿದೆ, ಕನ್ನಡಕ್ಕೆ ನಾನೇ ಮಾಡಬೇಕು. ಎರಡು ವಾರ ಕೊಡಿ.

ಗಿರಣಿ
ಪೆನ್ಸಿಲ್‌ನಲ್ಲೇ ಬರೆಯಿರಿ ಸರ್ 😄